ಏಳನೇ ನಂಬರಿನ ಜವಾಬು

ನನ್ನ ಬಾಯಿ ಜೋರು ಅಂತ ಶಿವಾಜಿನಗರದಿಂದ ಹಲಸೂರಿನವರೆಗೆ ಎಲ್ರಿಗೂ ಗೊತ್ತು. ನಮ್ಮವ್ವ ರಾಯಚೂರು ಕಡೆಯವಳು. ವಿಮಾನಪುರದಲ್ಲಿ ಕಟ್ಟಡದ ಕೆಲಸಕ್ಕೆ ಬಂದು, ಹಲಸೂರಿನ ಬಾಡಿಗೆ ರೂಮಲ್ಲಿ ನನ್ನ ಹೆತ್ತು, ಮಾನಮ್ಮ ಅಂತ ಹೆಸರಿಟ್ಟು, ಈಗ ಅವಳೇ "ನಿನ್ನ ನಾಲಿಗಿಗೆ ಎಲುಬಿಲ್ಲಬೇ" ಅಂತ ಬಯ್ತಾಳೆ. ಬಯ್ಲಿ ಬಿಡಿ. ದೆವ್ವ ಗಿವ್ವ ಅಂತ ಯಾರಾದ್ರೂ ಶುರು ಮಾಡಿದ್ರೆ ಮುಖದ ಮೇಲೇ ನಗೋಳು ನಾನು. ಅಂಥ ನಾನೇ ಇದನ್ನ ಹೇಳ್ತಿದ್ದೀನಿ. ನಂಬಿದ್ರೆ ನಂಬಿ, ಇಲ್ಲಾಂದ್ರೆ ನಿಮ್ಮಿಷ್ಟ.

ಎರಡು ಸಾವಿರದ ಐದನೇ ಇಸವಿ. ರಸೆಲ್ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ, ಕೋಳಿ ಅಂಗಡಿ ಸಾಲು ಮುಗಿದ ಮೇಲೆ, ಬಿಲ್ಕೀಸ್ ಒಂದು ಬ್ರೌಸಿಂಗ್ ಸೆಂಟರ್ ನಡೆಸ್ತಿದ್ಲು. ಮುಂದಿನ ರೂಮಲ್ಲಿ ಕಂಪ್ಯೂಟರ್, ಹಿಂದೆ ಮನೆ, ಮೇಲೆ ತಾರಸಿ. ನಾನೂ ಅವಳೂ ಒಂದೇ ಶಾಲೆ, ಒಂದೇ ಬೆಂಚು. ನಾನು ಇಂದಿರಾನಗರದಲ್ಲಿ ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಅಲ್ಲಿ ಇಲ್ಲಿ ರಿಪೇರಿ ಮಾಡ್ಕೊಂಡಿದ್ದೆ. ಅವಳ ಸೆಂಟರಿನ ಮೆಷಿನ್‌ಗಳನ್ನೆಲ್ಲ ನೋಡ್ಕೊಳ್ತಿದ್ದವಳು ನಾನೇ.

ಸೆಂಟರ್ ತೆರೆದದ್ದು ಅವಳ ಗಂಡ ಶಾಹಬಾಜ್. ಒಳ್ಳೆ ಕೆಲಸಗಾರ. ಆದ್ರೆ ಬಾಯಿಬಿಟ್ಟು ಏನನ್ನೂ ಕೇಳೋನಲ್ಲ. ನೀರು ಬೇಕಾದ್ರೆ ಲೋಟ ನೋಡ್ಕೊಂಡು ಕೂರೋನು, ಇವಳು ಅರ್ಥ ಮಾಡ್ಕೊಂಡು ತಂದುಕೊಡ್ಬೇಕು. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ತನ್ನ ಕಂಪ್ಯೂಟರ್ ಆನ್ ಆಗ್ತಿಲ್ಲ ಅಂತ ಅದರ ಡಬ್ಬವನ್ನೇ ಸ್ಕೂಟರಿನ ಮುಂದೆ ಇಟ್ಕೊಂಡು ಮಾರತ್ತಹಳ್ಳಿಯ ರಿಪೇರಿಯವನ ಹತ್ರ ಹೊರಟ. ಅಷ್ಟೇ. ಸಂಜೆ ಸ್ಕೂಟರ್ ಸಿಕ್ಕಿದ್ದು ಹಲಸೂರು ಕೆರೆ ಪಕ್ಕ, ನೀಟಾಗಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿತ್ತು. ಮನುಷ್ಯನೂ ಇಲ್ಲ, ಕಂಪ್ಯೂಟರೂ ಇಲ್ಲ. ಕೆರೆಗೆ ಜನ ಇಳಿಸಿ ಹುಡುಕಿಸಿದ್ರು, ಏನೂ ಸಿಗ್ಲಿಲ್ಲ. ಮುಳುಗಿದ್ನೋ, ಓಡಿಹೋದ್ನೋ, ದೇವರೇ ಬಲ್ಲ.

ಬಿಲ್ಕೀಸ್ ಸುತ್ತದ ಆಸ್ಪತ್ರೆ ಇಲ್ಲ, ಹತ್ತದ ಪೊಲೀಸ್ ಸ್ಟೇಷನ್ ಇಲ್ಲ, ಹರಕೆ ಕಟ್ಟದ ದರ್ಗಾ ಇಲ್ಲ. ಕೊನೆಗೆ ಅವಳ ಅಣ್ಣ ಅಹ್ಮದ್ ಪಾಷಾ ಅವಳನ್ನ ಕೋರ್ಟಿಗೆ ಕರ್ಕೊಂಡು ಹೋದ್ರು. ಗಂಡ ನಾಲ್ಕು ವರ್ಷ ಪತ್ತೆ ಇಲ್ಲದೇ ಹೋದ್ರೆ ಹೆಂಡ್ತಿಗೆ ಬಿಡುಗಡೆ ಸಿಗುತ್ತೆ. ಸಿಕ್ಕಿತು. ಆದ್ರೆ ಅದರಲ್ಲೊಂದು ಕೊಕ್ಕೆ: ಆರು ತಿಂಗಳ ಒಳಗೆ ಗಂಡ ಎದ್ದು ಬಂದು ಸಂಸಾರ ಮಾಡ್ತೀನಿ ಅಂದ್ರೆ ಆ ತೀರ್ಪು ಬಿದ್ದುಹೋಗುತ್ತೆ. ಆ ಗಡುವು ಮುಗಿಯೋ ವಾರ ಅದು. ಫ್ರೇಜರ್ ಟೌನಿನ ಕರೀಂ ಅನ್ನೋರು, ಹೆಂಡ್ತಿ ತೀರಿಕೊಂಡವರು, ಬಿಲ್ಕೀಸ್‌ಗೆ ಸಂಬಂಧ ಕೇಳಿ ಕಳಿಸಿದ್ರು. "ಶುಕ್ರವಾರ ಜುಮ್ಮಾ ನಮಾಜ್ ಮುಗಿಸ್ಕೊಂಡು ಬರ್ತೀನಿ, ಹೂಂ ಅಥವಾ ಉಹೂಂ, ಏನಾದ್ರೊಂದು ಹೇಳ್ಬಿಡು" ಅಂತ ಪಾಷಾ ಭಾಯ್ ಹೇಳಿ ಹೋಗಿದ್ರು.

"ಹೆಂಗಿದ್ದಾರೆ ಮನುಷ್ಯ?" ಅಂತ ನಾನು ಕೇಳ್ದೆ.

"ಬಂದಾಗ, ಊಟ ಆಯ್ತಾ ಅಂತ ಕೇಳಿದ್ರು ಮಾನಾ," ಅಂದ್ಲು ಬಿಲ್ಕೀಸ್. "ನನ್ನನ್ನ ಯಾರಾದ್ರೂ ಏನಾದ್ರೂ ಕೇಳಿ ಎಷ್ಟು ಕಾಲ ಆಗಿತ್ತು ಗೊತ್ತಾ?"

ಹೂಂ ಅನ್ನೋ ಆಸೆ ಅವಳ ಮುಖದಲ್ಲೇ ಇತ್ತು. ಕಾಲಿಗೆ ತೊಡರ್ತಿದ್ದದ್ದು ಅತ್ತೆ ಇಮಾಮ್ ಬೀ. ಕೆಟ್ಟ ಹೆಂಗಸಲ್ಲ, ಪಾಪ. ಸೊಸೆಗೆ ಒಂದು ದಿನ ಗದರಿದವರಲ್ಲ. ಆದ್ರೆ "ಮೇರಾ ಬಚ್ಚಾ ಹೈ," ನನ್ನ ಮಗ ಇದ್ದಾನೆ, ಅನ್ನೋದೊಂದೇ ಮಾತು. ರೇಷನ್ ಕಾರ್ಡಿನಿಂದ ಅವನ ಹೆಸರು ತೆಗೆಸೋಕೆ ಬಿಟ್ಟಿರಲಿಲ್ಲ. ಅವನ ಪಾಲಿನ ಸಕ್ಕರೆ ತಿಂಗಳು ತಿಂಗಳು ಮನೆಗೆ ಬರ್ತಾನೇ ಇತ್ತು. ಆ ಸಕ್ಕರೆ ಹಾಕಿದ ಚಾ ಕುಡೀತಾ ಬಿಲ್ಕೀಸ್ ಹೂಂ ಅನ್ನೋದಾದ್ರೂ ಹೆಂಗೆ ಹೇಳಿ?

ಸೋಮವಾರ ಸೆಂಟರಿಗೊಂದು ಹೊಸ ಮೆಷಿನ್ ಬಂತು. ಅದಕ್ಕೊಂದು ನಂಬರ್ ಕೊಡ್ಬೇಕು. ಮನೆಗೆ ಡೋರ್ ನಂಬರ್ ಇರೋ ಹಾಗೆ, ವೈರಿನ ಮೇಲಿರೋ ಪ್ರತಿ ಕಂಪ್ಯೂಟರಿಗೂ ಒಂದೊಂದು ನಂಬರು. ಬಿಲ್ಕೀಸ್ ಕೂರೋ ಕೌಂಟರಿನ ಮೆಷಿನ್ ಎರಡು. ಶಾಹಬಾಜನದ್ದು ಏಳು. ಅವನು ಹೋದಾಗಿನಿಂದ ಏಳನ್ನ ಅವಳು ಯಾರಿಗೂ ಕೊಟ್ಟಿರಲಿಲ್ಲ. ಆರು ಆದ್ಮೇಲೆ ಎಂಟು. ಗಿರಾಕಿಗಳಿಗೂ ಅದು ರೂಢಿಯಾಗಿತ್ತು. ಕೆಟ್ಟುಹೋದ ಹಲ್ಲಿನ ಜಾಗ ಬಿಟ್ಟ ಹಾಗೆ ಬಿಟ್ಟಿದ್ದಾಳೆ, ಇನ್ನೆಷ್ಟು ದಿನ ಅಂತ ನನಗೆ ರೇಗಿಹೋಯ್ತು. ಶುಕ್ರವಾರ ಹೂಂ ಅನ್ಬೇಕಾದವಳು, ಇವತ್ತು ಒಂದು ನಂಬರ್ ಬಿಟ್ಟುಕೊಡೋಕೆ ಕಲೀಲಿ ಅಂತ, ಅವಳನ್ನ ಕೇಳದೇನೇ ಹೊಸ ಮೆಷಿನ್ನಿಗೆ ಏಳು ಹಾಕ್ದೆ.

ಓಕೆ ಒತ್ತಿದ ತಕ್ಷಣ ಪರದೆಯ ಮೂಲೆಯಲ್ಲಿ ಒಂದು ಹಳದಿ ಚೀಟಿ ಎದ್ದಿತು. ಈ ನಂಬರಿನಲ್ಲಿ ಇನ್ನೊಂದು ಕಂಪ್ಯೂಟರ್ ಆಗಲೇ ಇದೆ ಅಂತ.

"ಯಾವ ಬಡ್ಡಿಮಗಾನೋ ಏಳು ಹಾಕ್ಕೊಂಡಿರೋನು?" ಅಂತ ಕೂಗಾಡ್ತಾ, ಹೊಸದರಿಂದ ಏಳು ತೆಗೆದು ಬೇರೆ ನಂಬರ್ ಹಾಕಿ, ಉಳಿದ ಮೆಷಿನ್‌ಗಳನ್ನೆಲ್ಲ ನೋಡ್ದೆ. ಯಾವುದರಲ್ಲೂ ಏಳಿಲ್ಲ. ಶಾಹಬಾಜ್ ಇದ್ದಾಗ ತಾರಸಿಗಳ ಮೇಲೆ ವೈರ್ ಎಳೆದು ಗಲ್ಲಿಯ ನಾಲ್ಕಾರು ಮನೆಗೆ ನೆಟ್ ಕೊಟ್ಟಿದ್ದ, ಅವರಲ್ಲೇ ಯಾರೋ ಇರ್ಬೇಕು ಅಂದ್ಕೊಂಡೆ. ಹಿಡಿಯೋದೇನು ಮಹಾ? ಅದಕ್ಕೊಂದು ಉಪಾಯ ಇದೆ. ಕೌಂಟರಿನ ಮೆಷಿನ್ನಲ್ಲಿ ಕಪ್ಪು ಕಿಟಕಿ ತೆರೆದು, ಏಳನ್ನ ಒಂದ್ಸಲ ಕರೆದು, 'ಆರ್ಪ್' ಅಂತ ಹೊಡೀಬೇಕು.

ಆರ್ಪ್ ಅಂದ್ರೆ ಬ್ರಹ್ಮವಿದ್ಯೆ ಏನಲ್ಲ. ಡೋರ್ ನಂಬರ್ ಯಾರು ಬೇಕಾದ್ರೂ ಬದಲಾಯಿಸ್ಕೊಳ್ಬಹುದು. ಆದ್ರೆ ಪ್ರತಿ ಕಂಪ್ಯೂಟರಿನ ಒಳಗಿರೋ ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲೇ ಒಂದು ಉದ್ದ ಗುರುತು ಒತ್ತಿರ್ತಾರೆ, ಹುಟ್ಟುಮಚ್ಚೆ ಇದ್ದ ಹಾಗೆ. ನಮ್ಮ ಮೆಷಿನ್ ಏಳರ ಜೊತೆ ಮಾತಾಡ್ಬೇಕಾದ್ರೆ ಮೊದಲು ಇಡೀ ವೈರಿಗೆ ಕೇಳಿಸೋ ಹಾಗೆ "ಏಳು ಯಾರು?" ಅಂತ ಕೂಗುತ್ತೆ. ಏಳು ಇದ್ರೆ "ನಾನು" ಅಂತ ತನ್ನ ಗುರುತು ಹೇಳುತ್ತೆ. ಹಾಗೆ ಮಾತಾಡಿದವರ ನಂಬರೂ ಗುರುತೂ ಆರ್ಪ್ ಹೊಡೆದ್ರೆ ಕಾಣುತ್ತೆ. ಸ್ವಲ್ಪ ಹೊತ್ತು ಮಾತಿಲ್ಲದೇ ಹೋದ್ರೆ ತಾನಾಗೇ ಅಳಿಸಿಹೋಗುತ್ತೆ.

ಹೊಡ್ದೆ. ಏಳರ ಎದುರಿಗೆ ಒಂದು ಗುರುತು ಬಂತು. ಸೆಂಟರಿನ ಬೇರೆ ಯಾವ ಕಾರ್ಡಿಗೂ ಹೋಲದ ಗುರುತು. ನಾನು ಅದನ್ನ ಜೋರಾಗಿ ಓದೋಕೆ ಶುರು ಮಾಡ್ದೆ. ಅರ್ಧ ಓದಿರಲಿಲ್ಲ, ಹಿಂದೆ ನಿಂತಿದ್ದ ಬಿಲ್ಕೀಸ್ ಉಳಿದದ್ದನ್ನ ಬಾಯಿಪಾಠ ಹೇಳಿ ಮುಗಿಸಿದ್ಲು. ಪರದೆ ಕಡೆ ನೋಡ್ತಾನೂ ಇರಲಿಲ್ಲ ಅವಳು.

"ನಿನಗೆ ಹೆಂಗೆ ಗೊತ್ತು?"

"ಅವರ ಮೆಷಿನ್ನಿಂದು," ಅಂದ್ಲು. ಮುಖ ಸುಣ್ಣದ ಹಾಗಾಗಿತ್ತು. "ಅವರು ಹೋದ್ಮೇಲೆ ನೆಟ್ ನಿಂತುಹೋಗಿತ್ತಲ್ಲ. ಕೇಬಲ್ಲಿನವರು ಆ ಕಾರ್ಡಿಗೆ ಮಾತ್ರ ಲೈನ್ ಕೊಟ್ಟಿದ್ರು. ಬದಲಾಯಿಸಿ ಅಂತ ಫೋನ್ ಮಾಡಿದಾಗೆಲ್ಲ ಈ ಗುರುತು ಹೇಳ್ಬೇಕಿತ್ತು. ಸತ್ರೂ ಮರೆಯಲ್ಲ."

ಆ ಕಾರ್ಡು ಆ ಡಬ್ಬದ ಒಳಗಿತ್ತು. ಆ ಡಬ್ಬ ಸ್ಕೂಟರಿನ ಮೇಲೆ ಕೂತು ಹೋಗಿ ಐದು ವರ್ಷ ಆಗಿತ್ತು.

ಇಮಾಮ್ ಬೀ ಒಳಗಿನಿಂದ ಬಂದ್ರು. ಹೇಳ್ಬೇಡ ಅಂತ ನಾನು ಬಿಲ್ಕೀಸ್‌ಗೆ ಕಣ್ಣಲ್ಲೇ ಸನ್ನೆ ಮಾಡ್ತಿದ್ದೆ, ಅಷ್ಟರಲ್ಲಿ ಅವಳು ಹೇಳೇಬಿಟ್ಲು. ಮುದುಕಿ ಕುಸೀಲಿಲ್ಲ, ಕೂಗ್ಲಿಲ್ಲ. ಕೌಂಟರಿನ ಕುರ್ಚಿ ಎಳ್ಕೊಂಡು ಪರದೆ ಮುಂದೆ ಕೂತ್ರು. "ಹೈ ಬೋಲೀ ನಾ ಮೈಂ," ಇದ್ದಾನೆ ಅಂದಿರಲಿಲ್ವಾ ನಾನು, ಅಂದ್ರು. ಮತ್ತೆ ಕರೀರಿ, ಜವಾಬು ಕೊಡ್ತಾನಾ ನೋಡೋಣ ಅಂದ್ರು.

ಕರೆಯೋಕೂ ಒಂದು ದಾರಿ ಇದೆ. ಪಿಂಗ್ ಅಂತಾರೆ. ಒಂದು ನಂಬರಿಗೆ ಬಿಡದೇ ಕೂಗ್ತಾ ಇರು ಅಂದ್ರೆ ಕೂಗ್ತಾ ಇರುತ್ತೆ, ಜವಾಬು ಬಂದ ಹಾಗೆಲ್ಲ ಒಂದೊಂದು ಸಾಲು ಪರದೆಯಲ್ಲಿ ಕೆಳಗಿಳಿಯುತ್ತೆ. ಏಳಕ್ಕೆ ಪಿಂಗ್ ಹಾಕ್ದೆ. ಜವಾಬು ಬಂತು. ಆದ್ರೆ ಒಂದೇ ಗಲ್ಲಿಯ ಮೆಷಿನ್ನು ಕಣ್ಣು ಮಿಟುಕಿಸೋಕೆ ಮುಂಚೆ ಓ ಅನ್ಬೇಕು. ಇದು ಹಾಗಲ್ಲ. ಕರೆದ್ರೆ ಒಂದು ಗಳಿಗೆ ಏನೂ ಇಲ್ಲ. ಹೋಯ್ತು ಅನ್ನೋ ಅಷ್ಟರಲ್ಲಿ ಒಂದು ಸಾಲು. ಮತ್ತೆ ಏನೂ ಇಲ್ಲ. ಮತ್ತೊಂದು ಸಾಲು. ಮಲಗಿದ್ದವರು ಎದ್ದು ಎದ್ದು ಬಂದು ಉತ್ತರ ಕೊಟ್ಟ ಹಾಗಿತ್ತು.

ಮೌಸ್ ಹಿಡಿದು ಆ ಕಪ್ಪು ಕಿಟಕಿ ಮುಚ್ಚೋಕೆ ಹೋದೆ. ಇಮಾಮ್ ಬೀ ನನ್ನ ಕೈ ಹಿಡ್ಕೊಂಡ್ರು. ಬಿಡಲೇ ಇಲ್ಲ. ಅವತ್ತಿನಿಂದ ಆ ಪಿಂಗ್ ನಿಲ್ಲಲಿಲ್ಲ. ತಸ್ಬೀಹ್ ಮಣಿಸರ ಎಣಿಸ್ಕೊಂಡು ಅಲ್ಲೇ ಕೂತಿರೋರು, ಓದೋಕೆ ಬರಲ್ಲ, ಸಾಲು ಇಳಿಯೋದನ್ನ ನೋಡ್ತಾ ಇರೋರು. ಬಿಲ್ಕೀಸ್ ಊಟ ಬಿಟ್ಲು.

ಮಾರನೇ ದಿನ ನಾನು ಬಿಲ್ಕೀಸ್‌ನ ಅಡುಗೆಮನೆಗೆ ಎಳ್ಕೊಂಡು ಹೋಗಿ ಬಯ್ದೆ. "ನೋಡೇ, ಹುಟ್ಟುಮಚ್ಚೆ ಅಂದೆನಲ್ಲ, ಅದನ್ನೂ ನಕಲು ಮಾಡ್ಬಹುದು. ಯಾವನೋ ಕಿಡಿಗೇಡಿ ಮಾಡಿರ್ತಾನೆ. ಅಥವಾ ಕದ್ದ ಡಬ್ಬ ಕೈ ಬದಲಾಗಿ ಇದೇ ಗಲ್ಲಿಗೆ ಬಂದು ಬಿದ್ದಿರುತ್ತೆ. ಹಿಡಿದು ತಂದು ನಿನ್ನ ಮುಂದೆ ನಿಲ್ಲಿಸ್ತೀನಿ."

"ಅವರೇ ಆಗಿದ್ರೆ?"

"ಅವನೇ ಆಗಿದ್ರೆ ಮೊದಲು ಎರಡು ಬಾರಿಸ್ತೀನಿ, ಆಮೇಲೆ ನಿನಗೆ ಕೊಡ್ತೀನಿ."

"ತಮಾಷೆ ಮಾಡ್ಬೇಡ ಮಾನಾ," ಅಂತ ಅವಳು ಒಲೆ ಕಟ್ಟೆ ಹಿಡ್ಕೊಂಡ್ಲು. "ಅವರು ಇದ್ರೆ ನಾನು ಅವರ ಹೆಂಡ್ತಿ. ಇಲ್ದೇ ಇದ್ರೆ ನಾನು ಯಾರ ಹೆಂಡ್ತಿಯೂ ಅಲ್ಲ. ಶುಕ್ರವಾರ ಅಣ್ಣನಿಗೆ ನಾನು ಏನು ಹೇಳ್ಲಿ?"

ಬುಧವಾರ ಮಧ್ಯಾಹ್ನ ಹುಡುಕೋಕೆ ಹೊರಟೆ. ಹುಡುಕೋ ರೀತಿ ಸುಲಭ. ಸೆಂಟರಿನ ಗೋಡೆಗೆ ಹೊಡೆದಿರೋ ಒಂದು ಡಬ್ಬಿಗೆ, ಅದಕ್ಕೆ ಹಬ್ ಅಂತೀವಿ, ಎಲ್ಲಾ ವೈರೂ ಬಂದು ಸೇರುತ್ತೆ. ಒಂದೊಂದು ವೈರ್ ಕೀಳೋದು, ಯಾವುದನ್ನ ಕಿತ್ತಾಗ ಜವಾಬು ನಿಲ್ಲುತ್ತೋ ಕಳ್ಳ ಆ ಕಡೆ ಇದ್ದಾನೆ. ಮೊದಲು ತಾರಸಿಗಳ ಮೇಲೆ ಹೋಗಿ ಒಂದೊಂದು ಮನೆಗೆ ಹೋದ ವೈರ್ ಬಿಚ್ಚೋದು ಅಂತ ಮಾಡ್ಕೊಂಡೆ, ಕಳ್ಳನ ಮನೆ ಬಾಗಿಲಲ್ಲೇ ಹಿಡಿಯೋಣ ಅಂತ. ಕೆಳಗೆ ಪರದೆ ಮುಂದೆ ಇಮಾಮ್ ಬೀ. ಸಾಲು ಇಳೀತಿದ್ರೆ ಕಿಟಕಿಯಿಂದ ಕೂಗಿ ಹೇಳಿ ಅಂದಿದ್ದೆ.

ಮಾರಿಯಾ ಆಂಟಿ ಮನೆಯ ವೈರ್ ಬಿಚ್ಚಿದೆ. ಕೆಳಗಿನಿಂದ ಕೂಗು ಬಂತು. "ಚಲ್ರಾ!" ನಡೀತಿದೆ ಅಂತ.

"ವಾಟ್ ಮ್ಯಾನ್ ಮಾನಮ್ಮಾ, ನನ್ನ ಚಾಟಿಂಗ್ ಕಟ್ ಆಯ್ತಲ್ಲಾ!" ಅಂತ ಮಾರಿಯಾ ಆಂಟಿ ಕರ್ಲರ್ ಹಾಕಿದ ತಲೆ ಹೊರಗೆ ಹಾಕಿದ್ರು.

"ಐದು ನಿಮಿಷ ಪ್ರಾಣ ಹೋಗಲ್ಲ, ಇರಿ ಆಂಟಿ," ಅಂತ ಮುಂದಿನ ತಾರಸಿಗೆ ದಾಟಿದೆ. ಅಲ್ಲಿ ಬಿಚ್ಚಿದೆ.

"ಚಲ್ರಾ!"

ಬಿಸಿಲು ಚುರುಚುರು ಅಂತಿತ್ತು. ಒಣಗೋಕೆ ಹಾಕಿದ್ದ ಬಟ್ಟೆಗಳ ನಡುವೆ ತೂರ್ಕೊಂಡು ಗಲ್ಲಿಯ ಕೊನೇ ಮನೆವರೆಗೂ ಹೋದೆ. ಪ್ರತಿ ಸಲ ಅದೇ ಕೂಗು. ಮುದುಕಿಯ ಗಂಟಲಲ್ಲಿ ಖುಷಿ ಏರ್ತಾ ಹೋಗ್ತಿತ್ತು. ಕೊನೇ ವೈರೂ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ನಿಂತೆ. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ.

"ಚಲ್ರಾ!"

ಕೆಳಗಿಳಿದು ಬಂದು ಗಿರಾಕಿಗಳನ್ನ ಎಬ್ಬಿಸಿ ಕಳಿಸಿ ಶಟರ್ ಅರ್ಧ ಎಳ್ದೆ. ಹಬ್ಬಿನಿಂದ ಸೆಂಟರಿನ ಮೆಷಿನ್‌ಗಳ ವೈರ್ ಒಂದೊಂದಾಗಿ ಕಿತ್ತೆ. ಹೊರಗಿನಿಂದ ಬರೋ ನೆಟ್ಟಿನ ವೈರನ್ನೂ ಕಿತ್ತೆ. ಹಬ್ಬಿನಲ್ಲಿ ಉಳಿದದ್ದು ಒಂದೇ ವೈರು, ಬಿಲ್ಕೀಸಿನ ಕೌಂಟರಿನದ್ದು. ಅಂದ್ರೆ ಆ ಮೆಷಿನ್ ಈಗ ಮಾತಾಡ್ಬೇಕಾದ್ರೆ ಖಾಲಿ ಡಬ್ಬಿಯ ಜೊತೆ ಮಾತಾಡ್ಬೇಕು. ಅದರಾಚೆಗೆ ಏನೂ ಇಲ್ಲ. ಗೋಡೆ ಇದೆ, ಗೋಡೆ ಆಚೆ ಕೋಳಿ ಅಂಗಡಿ ಇದೆ.

ಒಂದು ಗಳಿಗೆ ಏನೂ ಇಲ್ಲ. ನಾನು ಉಸಿರುಬಿಟ್ಟೆ. ಒಂದು ಸಾಲು ಇಳಿಯಿತು.

ನಾನು ಕೆಲಸ ಕಲಿತವಳು, ಅಷ್ಟಕ್ಕೇ ಸೋಲೋಳಲ್ಲ. ಹಬ್ಬೇ ಕೆಟ್ಟಿರ್ಬೇಕು ಅಂತ ನನ್ನ ರೂಮಿಗೆ ಓಡಿಹೋಗಿ ಬೇರೆ ಹಬ್ ತಂದು ಹಾಕ್ದೆ. ವೈರೂ ಬೇರೆ ಹಾಕ್ದೆ. ಆರ್ಪ್‌ನಲ್ಲಿ ಏಳರ ಸಾಲನ್ನ ಅಳಿಸಿದೆ. ಅಳಿಸಿದ್ದು ಮತ್ತೆ ಬಂದು ಕೂತಿತು, ಅದೇ ನಂಬರು, ಅದೇ ಗುರುತು. ಕೌಂಟರಿನ ಮೆಷಿನ್ನಿನ ವೈರ್ ಕಿತ್ರೆ ಮಾತ್ರ ಜವಾಬು ನಿಲ್ತಿತ್ತು. ಚುಚ್ಚಿದ್ರೆ ಮತ್ತೆ ಶುರು. ಅಂದ್ರೆ ಎಲ್ಲಿಂದಲೋ ಆ ಒಂದು ಗೇಣಷ್ಟು ವೈರಿನೊಳಗೆ ಬರ್ತಿದೆ. ನನಗೆ ಅವತ್ತು ನಿಜವಾಗಿ ಹೆದರಿಕೆ ಆಯ್ತು. ಅವ್ವ ಕಟ್ಟಿದ್ದ ತಾಯತ ಕುತ್ತಿಗೆಯಲ್ಲಿ ಇದ್ಯಾ ಅಂತ ಮುಟ್ಟಿ ನೋಡ್ಕೊಂಡೆ.

"ಸಿಕ್ಕಿದ್ರಾ?" ಅಂತ ಬಿಲ್ಕೀಸ್ ಕೇಳಿದ್ಲು.

ನಾನು ವೈರ್‌ಗಳನ್ನೆಲ್ಲ ವಾಪಸ್ ಸಿಕ್ಕಿಸಿ ಮನೆಗೆ ಹೋದೆ. ಗುರುವಾರ ಆ ಕಡೆ ಹೋಗಲೇ ಇಲ್ಲ, ಮೈ ಹುಷಾರಿಲ್ಲ ಅಂದೆ.

ಶುಕ್ರವಾರ ಬೆಳಿಗ್ಗೆ ಬಿಲ್ಕೀಸೇ ಫೋನ್ ಮಾಡಿದ್ಲು. "ಬಾ. ಇವತ್ತು ನೀನು ಇರ್ಬೇಕು." ಹೋದೆ. ಶಟರ್ ಇಳಿಸಿತ್ತು. ಇಮಾಮ್ ಬೀ ಪರದೆ ಮುಂದೆ, ಬಿಲ್ಕೀಸ್ ಅವರ ಹಿಂದೆ. ಕಣ್ಣು ಗುಳಿ ಬಿದ್ದಿತ್ತು. ಮಸೀದಿಯಿಂದ ಜುಮ್ಮಾದ ಅಜಾನ್ ಕೇಳಿಸ್ತು. ನಮಾಜ್ ಮುಗಿದ್ರೆ ಪಾಷಾ ಭಾಯ್ ಬಂದೇ ಬರ್ತಾರೆ.

"ಮಾನಾ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡ," ಅಂದ್ಲು. "ಅವರು ಇದ್ದಾರಾ, ಇಲ್ವಾ?"

"ನನಗೆ ಗೊತ್ತಿಲ್ಲ ಕಣೇ," ಅಂದೆ. ಅಷ್ಟು ಸಣ್ಣ ದನಿಯಲ್ಲಿ ನಾನು ಯಾವತ್ತೂ ಮಾತಾಡಿದವಳಲ್ಲ. "ಆದ್ರೆ ಒಂದು ಮಾತು ಗೊತ್ತು. ಸೋಮವಾರದಿಂದ ಇಲ್ಲಿವರೆಗೆ ಆ ಕಡೆಯಿಂದ ಬಂದದ್ದೆಲ್ಲಾ ಬರೀ ಜವಾಬು. ನಾವು ಏಳು ಯಾರು ಅಂದ್ವಿ, ನಾನು ಅಂತು. ನಾವು ಇದ್ದೀಯಾ ಅಂದ್ವಿ, ಇದ್ದೀನಿ ಅಂತು. ತಾನಾಗಿ ಒಂದ್ಸಲನೂ ನಮ್ಮನ್ನ ಏನೂ ಕೇಳಿಲ್ಲ."

"ಕೇಳಿದ್ರೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ನಾವು ಸುಮ್ನಿರಬೇಕು ಅಷ್ಟೇ. ನಾವು ಕರೆಯೋದು ನಿಲ್ಲಿಸಿದ್ರೆ ಆರ್ಪಿಂದ ಏಳು ಅಳಿಸಿಹೋಗುತ್ತೆ. ಆಮೇಲೂ ಅದು ಮತ್ತೆ ಬಂದ್ರೆ, ಆ ಕಡೆಯವರು ನಿನ್ನ ನಂಬರ್ ಹಿಡಿದು ಕೂಗಿದ್ದಾರೆ ಅಂತ ಅರ್ಥ. ಬೇರೆ ದಾರಿಯೇ ಇಲ್ಲ."

ಬಿಲ್ಕೀಸ್ ಅತ್ತೆಯ ಹೆಗಲ ಮೇಲಿಂದ ಕೈ ಚಾಚಿ ಪಿಂಗ್ ನಿಲ್ಲಿಸಿದ್ಲು.

ಇಮಾಮ್ ಬೀ ಬೆಚ್ಚಿಬಿದ್ರು. ನಾಲ್ಕು ದಿನದಿಂದ ಇಳೀತಿದ್ದ ಸಾಲು ನಿಂತುಹೋಗಿತ್ತು. "ಬುಲಾವ್! ಬುಲಾವ್ ಉಸ್ಕೋ!" ಕರಿ ಅವನನ್ನ, ಅಂತ ಸೊಸೆಯ ಕೈ ಹಿಡಿದು ಕೀಬೋರ್ಡಿನ ಮೇಲೆ ಇಡೋಕೆ ನೋಡಿದ್ರು. ಬಿಲ್ಕೀಸ್ ಕೈ ಬಿಡಿಸ್ಕೊಳ್ಲಿಲ್ಲ. ಆ ಕೈ ಹಿಡ್ಕೊಂಡೇ ಅವರ ಪಕ್ಕ ನೆಲದ ಮೇಲೆ ಕೂತ್ಲು. "ಇಲ್ಲ ಅಮ್ಮೀ," ಅಂದ್ಲು. "ಇವತ್ತು ನಾವು ಕರೆಯಲ್ಲ."

ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ವಿ ಮೂರು ಜನ. ನಾನು ಮತ್ತೊಂದು ಮೆಷಿನ್ ಕಡೆ ಹೋಗ್ಲಿಲ್ಲ, ಕೀಬೋರ್ಡ್ ಮುಟ್ಲಿಲ್ಲ. ಸೆಂಟರಿನ ಬೇರೆ ಮೆಷಿನ್‌ಗಳೆಲ್ಲ ಆಫ್ ಆಗಿದ್ವು. ಸ್ವಲ್ಪ ಹೊತ್ತಾದ್ಮೇಲೆ ಎದ್ದು ಆರ್ಪ್ ಹೊಡ್ದೆ. ಆರ್ಪ್ ತಾನಾಗಿ ಯಾರನ್ನೂ ಕರೆಯಲ್ಲ, ಇರೋದನ್ನ ತೋರಿಸುತ್ತೆ ಅಷ್ಟೇ. ಏಳು ಇನ್ನೂ ಇತ್ತು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಹೊಡ್ದೆ. ಏಳು ಇರಲಿಲ್ಲ.

"ಹೋಯ್ತು," ಅಂದೆ.

ಬಿಲ್ಕೀಸ್ ಕಣ್ಣು ಮುಚ್ಕೊಂಡ್ಲು. ಅವಳ ಹೆಗಲು ಇಳಿದದ್ದು ನನಗೆ ಕಾಣಿಸ್ತು. ಇಮಾಮ್ ಬೀ ಕೈಯಲ್ಲಿ ತಸ್ಬೀಹ್ ನಿಂತುಹೋಗಿತ್ತು. ನನಗೆ ಒಳಗೊಳಗೇ ಖುಷಿ. ಹೋಯ್ತಲ್ಲ, ಪೀಡೆ ತೊಲಗಿತಲ್ಲ, ಇನ್ನು ಇವಳು ಹೂಂ ಅಂತಾಳೆ, ಉಂಡು ಉಟ್ಟು ಬದುಕ್ತಾಳೆ ಅಂತ. ಹೊರಗೆ ನಮಾಜ್ ಮುಗಿಸಿ ಬರೋ ಜನರ ಚಪ್ಪಲಿ ಸದ್ದು ಗಲ್ಲಿ ತುಂಬ ಕೇಳಿಸ್ತು. ಯಾರೋ ಶಟರ್ ತಟ್ಟಿದ್ರು.

"ಬಿಲ್ಕೀಸ್! ಮೈಂ, ಪಾಷಾ."

ಅವಳು ಎದ್ದು ದುಪಟ್ಟಾ ತಲೆ ಮೇಲೆ ಎಳ್ಕೊಂಡ್ಲು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು, "ಕೊನೇ ಸಲ," ಅಂತ ತಾನೇ ಆರ್ಪ್ ಹೊಡೆದ್ಲು.

ಏಳು ಇತ್ತು.

ನಾನು ಅವಳ ಕೈ ನೋಡ್ದೆ, ನನ್ನ ಕೈ ನೋಡ್ದೆ, ಇಮಾಮ್ ಬೀ ಕೈ ನೋಡ್ದೆ. ಯಾರೂ ಏನೂ ಮುಟ್ಟಿರಲಿಲ್ಲ. ಅದೇ ನಂಬರು, ಅದೇ ಗುರುತು.

"ನಾವು ಕರೆದಿಲ್ಲ ಅಲ್ವಾ?" ಅಂದ್ಲು ಬಿಲ್ಕೀಸ್.

"ಇಲ್ಲ."

"ಅಂದ್ರೆ ಅವರು ಕೇಳ್ತಿದ್ದಾರೆ."

"ಹೂಂ."

"ಏನಂತ?"

"ಎರಡು ಯಾರು ಅಂತ," ಅಂದೆ. "ನೀನೆಲ್ಲಿದ್ದೀಯಾ ಅಂತ."

"ಆಯಾ! ಮೇರಾ ಬಚ್ಚಾ ಆಯಾ!" ಬಂದ, ನನ್ನ ಮಗ ಬಂದ, ಅಂತ ಇಮಾಮ್ ಬೀ ಎದ್ದು ನಿಂತ್ರು. ಅವರ ಮುಖ ನೋಡೋಕಾಗ್ತಿರಲಿಲ್ಲ, ಅಷ್ಟು ಬೆಳಕು. ನನ್ನ ತೋಳು ಹಿಡಿದು ಜಗ್ಗಿದ್ರು. "ಮೇರಕು ಪೂಛ್ರಾ ಕ್ಯಾ?" ನನ್ನನ್ನ ಕೇಳ್ತಿದ್ದಾನಾ?

ಏನು ಹೇಳ್ಲಿ? "ನಿಮಗೆ ನಂಬರ್ ಇಲ್ಲವಲ್ಲ ಅಮ್ಮಾ," ಅಂದೆ. ಅವರು ನನ್ನ ತೋಳು ಬಿಟ್ರು.

ನನಗೆ ಆಗ ಸಿಟ್ಟು ಬಂತು ನೋಡಿ, ಹೆದರಿಕೆ ಎಲ್ಲಾ ಎಲ್ಲಿ ಹೋಯ್ತೋ. ಪರದೆಗೆ ಬೆರಳು ತೋರಿಸಿ ಕೂಗ್ದೆ. "ಲೋ, ಐದು ವರ್ಷ ಎಲ್ಲಿ ಸತ್ತಿದ್ದೆ? ಇವಳು ಹೆಣಗಳ ಮುಖ ನೋಡ್ತಾ ಆಸ್ಪತ್ರೆ ಆಸ್ಪತ್ರೆ ತಿರುಗಿದಾಗ ಎಲ್ಲಿದ್ದೆ? ಇವತ್ತು ಬಾಗಿಲಲ್ಲಿ ಅಣ್ಣ ನಿಂತಾಗ ನಿನಗೆ ಬಾಯಿ ಬಂತಾ?"

"ಸುಮ್ನಿರು ಮಾನಾ," ಅಂದ್ಲು ಬಿಲ್ಕೀಸ್. ಅವಳ ದನಿ ನಡುಗ್ತಿರಲಿಲ್ಲ. ಪರದೆ ಹತ್ರ ಬಗ್ಗಿ ಆ ಸಾಲನ್ನ ಬೆರಳಿನಿಂದ ಒಮ್ಮೆ ಸವರಿದ್ಲು, ಗಂಡನ ಕೆನ್ನೆ ಸವರಿದ ಹಾಗೆ. ಕಣ್ಣಲ್ಲಿ ನೀರಿತ್ತು.

"ಇಷ್ಟು ವರ್ಷ ನಾನು ಕೇಳ್ದೆ," ಅಂದ್ಲು. "ಎಲ್ಲಿದ್ದೀರಿ ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳ್ದೆ. ಈಗ ಅವರು ಕೇಳ್ಲಿ."

ಮೆಷಿನ್ನಿನ ಹಿಂದೆ ಕೈ ಹಾಕಿ ವೈರ್ ಕಿತ್ತುಬಿಟ್ಲು. ಹೋಗಿ ಶಟರ್ ಎತ್ತಿದ್ಲು. ಬಿಳಿ ಟೋಪಿ ಹಾಕ್ಕೊಂಡು ನಿಂತಿದ್ದ ಅಣ್ಣನಿಗೆ, "ಹೌ, ಭಾಯ್," ಅಂದ್ಲು. ಅವರ ಭಾಷೆಯಲ್ಲಿ ಹೂಂ ಅಂತ. ಹೊರಗಿನ ಬಿಸಿಲು ಒಳಗೆ ಬಂದು ನೆಲದ ಮೇಲೆ ಬಿತ್ತು.

ಇಮಾಮ್ ಬೀ ಸೊಸೆಯನ್ನ ತಡೀಲಿಲ್ಲ. ನಾನು ಅವರನ್ನ ಕೂರಿಸೋಕೆ ಹೋದೆ, ಬೇಡ ಅಂತ ಕೈ ಆಡಿಸಿದ್ರು. ಬಗ್ಗಿ, ನೆಲದಲ್ಲಿ ಬಿದ್ದಿದ್ದ ವೈರಿನ ತುದಿ ಎತ್ಕೊಂಡ್ರು. ಅದರ ಧೂಳನ್ನ ಸೆರಗಿನಲ್ಲಿ ಒರೆಸಿದ್ರು. ಬಾಯಿ ಹತ್ರ ತಂದು, ಬಾಗಿಲಲ್ಲಿದ್ದವರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ್ರು.

"ನಕ್ಕೋ ಬೋಲೀ ಬೇಟಾ. ತೂ ಜಾ."

ಬೇಡ ಅಂದ್ಲು ಮಗಾ, ನೀನು ಹೋಗು ಅಂತ. ಆಮೇಲೆ ಅತ್ರು. ಮಗ ಹೋದಾಗಿನಿಂದ ಆ ತಾಯಿ ಅತ್ತಿದ್ದು ಅದೇ ಮೊದಲು.